ಬೆಳಗಾವಿ ಕಡೆ ‘ನಿವೃತ್ತರ ಕಾಲೊನಿ’ಯಲ್ಲಿ ಮನೆ ಬುಕ್ ಮಾಡೋ ಮುಂಚೆ ಇದನ್ನ ಓದಿ

ನಿವೃತ್ತಿ ಹತ್ತಿರ ಬಂದಿದೆ, ಇಲ್ಲಾ ಈಗಷ್ಟೇ ಆಗಿದೆ, ಬೆಳಗಾವಿಯಲ್ಲಿ ಹೋಗಿ ಇರೋಣ ಅಂತಿದ್ದೀರಾ? ಹಾಗಿದ್ದರೆ ಊರ ಹೊರಗೆ ‘ಹಿರಿಯರಿಗಾಗಿಯೇ’ ಅಂತ ಬೋರ್ಡು ಹಾಕಿಕೊಂಡ ಲೇಔಟುಗಳ ವಿಷಯದಲ್ಲಿ ಹುಷಾರಾಗಿರಿ. ನಮಗೆ ಏನಾಯಿತು ಅಂತ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕುವುದಿಲ್ಲ, ಕೇಸು ನಡೆಯುತ್ತಿದೆ. ಹೆಸರಿನಿಂದ ನಿಮಗೆ ಉಪಯೋಗವೂ ಇಲ್ಲ. ಇವತ್ತು ಒಂದು ಹೆಸರು, ನಾಳೆ ಇನ್ನೊಂದು. ಮಾಡುವ ರೀತಿ ಮಾತ್ರ ಅದೇ.

ನಾವು ವಿಜಯಪುರ ಜಿಲ್ಲೆಯವರು. ನಾನು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಯಜಮಾನರು ಬ್ಯಾಂಕಿನಲ್ಲಿದ್ದರು. ಬಿಸಿಲು ಸಾಕಾಗಿತ್ತು. ಏಪ್ರಿಲ್-ಮೇ ಬಂತಂದರೆ 40 ಡಿಗ್ರಿ ದಾಟುವ ಊರು, ಮಧ್ಯಾಹ್ನ ಕರೆಂಟು ಹೋದರೆ ಹೇಗಿರುತ್ತದೆ ಅಂತ ಅಲ್ಲಿದ್ದವರಿಗೇ ಗೊತ್ತು. ಮಗ ಪುಣೆಯಲ್ಲಿ, ಮಗಳು ಬೆಂಗಳೂರಲ್ಲಿ. ಬೆಳಗಾವಿ ಇಬ್ಬರಿಗೂ ನಡುವೆ ಆಗುತ್ತದೆ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಸಾಂಬ್ರಾದಲ್ಲಿ ವಿಮಾನ ನಿಲ್ದಾಣ ಇದೆ. ದೊಡ್ಡ ಆಸ್ಪತ್ರೆಗಳಿವೆ. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಬೇಸಿಗೆಯಲ್ಲೂ ಸಂಜೆ ಗಾಳಿ ತಂಪು. ಹಳಬರು ‘ಬಡವರ ಮಹಾಬಳೇಶ್ವರ’ ಅಂತ ಕರೆದದ್ದು ಸುಮ್ನೆ ಅಲ್ಲ. ಊರಿನ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ತಕರಾರು ಇರುವುದು ಆ ಊರಿನ ಹೆಸರು ಹಾಕಿ ಮಾರುವ ಜಾಗಗಳ ಬಗ್ಗೆ.

ಬ್ರೋಷರ್ ಮೇಲೆ ‘ಬೆಳಗಾವಿ’ ಅಂತಲೇ ಇತ್ತು. ಜಾಗ ನೋಡಿದರೆ ಊರು ದಾಟಿ ಪಶ್ಚಿಮಕ್ಕೆ, ಬಹಳ ಒಳಗೆ. ಜನವರಿಯಲ್ಲಿ ಅವರದೇ ಬಸ್ಸು ಮಾಡಿ ಕರೆದುಕೊಂಡು ಹೋದರು. ಬಸ್ಸಿನ ತುಂಬ ನಮ್ಮ ವಯಸ್ಸಿನವರೇ. ಊಟಕ್ಕೆ ಹೋಳಿಗೆ, ಬರುವಾಗ ಕೈಗೊಂದು ಕುಂದಾ ಡಬ್ಬಿ. “ಗಾಳಿ ನೋಡ್ರಿ ಮೇಡಂ, ಎಸಿ ಬ್ಯಾಡ, ಫ್ಯಾನ್ ಬ್ಯಾಡ, ಇಲ್ಲಿದ್ರ ಹತ್ತು ವರ್ಷ ಆಯುಷ್ಯ ಜಾಸ್ತಿ” ಅಂದ ಹುಡುಗ. ಬ್ರೋಷರಿನಲ್ಲಿ ಕ್ಲಿನಿಕ್ಕು, 24 ಗಂಟೆ ನರ್ಸು, ಪೇಟೆಗೆ ಮಿನಿ ಬಸ್ಸು, ಎಲ್ಲರಿಗೂ ಒಂದೇ ಕಡೆ ಅಡುಗೆ, ಭಜನಿ ಕಟ್ಟೆ. ಜಾಗದಲ್ಲಿ ಕಟ್ಟಿ ಮುಗಿಸಿದ್ದು ಮಾತ್ರ ಒಂದು ಕಮಾನು, ಒಂದು ಮಾದರಿ ಮನೆ, ಒಂದು ಗಣಪತಿ ಗುಡಿ. (ಗುಡಿ ಯಾವಾಗಲೂ ಮೊದಲು ಏಳುತ್ತದೆ. ಗುಡಿ ಇದ್ದ ಕಡೆ ಮೋಸ ಇರಲ್ಲ ಅಂತ ನಮ್ಮ ವಯಸ್ಸಿನವರು ನಂಬುತ್ತೇವೆ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.)

ದುಡ್ಡಿನ ವಿಷಯ ಹೇಳುತ್ತೇನೆ. ಮೊದಲು ಸಂಚಕಾರ, ಅಂದರೆ ಬುಕಿಂಗ್ ಮುಂಗಡ ಅಂತ ಸ್ವಲ್ಪ ತೆಗೆದುಕೊಂಡರು. ಆಮೇಲೆ ‘ಪಾಯ ಆಯ್ತು’, ‘ಸ್ಲ್ಯಾಬ್ ಬಿತ್ತು’, ‘ಕ್ಲಿನಿಕ್ ನಿಧಿ’ ಅಂತ ಒಂದೊಂದೇ ಕಂತು. ಪ್ರತಿ ಸಲ ರಶೀದಿ ಕೊಟ್ಟರು, ಕರಾರು ಪತ್ರ ಮಾತ್ರ ಮುಂದಿನ ತಿಂಗಳು, ಮುಂದಿನ ತಿಂಗಳು. ಹೀಗೆ ಒಟ್ಟು ಬೆಲೆಯ ಅರ್ಧದ ಹತ್ತಿರ ಹೋಯಿತು. ರೇರಾ ಅಂತ ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ಕಾಯ್ದೆ ಇದೆ ಅಲ್ವಾ, ಅದರ ಪ್ರಕಾರ ಮಾರಾಟದ ಕರಾರು ನೋಂದಣಿ ಮಾಡಿಸದೆ ಬಿಲ್ಡರ್ ಬೆಲೆಯ 10%ಗಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವ ಹಾಗೇ ಇಲ್ಲ. ಕೊಳ್ಳುವವರು ಕಟ್ಟಿದ ದುಡ್ಡಿನಲ್ಲಿ 70% ಬೇರೆ ಖಾತೆಯಲ್ಲಿ ಇಟ್ಟು, ಆ ಯೋಜನೆಯ ಜಾಗಕ್ಕೆ ಮತ್ತು ಕಟ್ಟಡಕ್ಕೇ ಬಳಸಬೇಕು. ಕೇಳಿದರೆ ನಗುತ್ತಾ, “ಅದೆಲ್ಲಾ ಬೆಂಗಳೂರು ಅಪಾರ್ಟ್‌ಮೆಂಟಿಗೆ ರೀ” ಅಂದರು. ಸುಳ್ಳು. ನಗರ ಯೋಜನಾ ಪ್ರಾಧಿಕಾರದ ವ್ಯಾಪ್ತಿಯೊಳಗೆ ಜಾಗ 500 ಚದರ ಮೀಟರ್ ದಾಟಿ, ಮನೆಗಳೋ ಪ್ಲಾಟುಗಳೋ 8ಕ್ಕಿಂತ ಜಾಸ್ತಿ ಇದ್ದರೆ ಬೆಳಗಾವಿಯಾದರೂ ಸರಿ, ಬಾಗಲಕೋಟೆಯಾದರೂ ಸರಿ, ನೋಂದಣಿ ಬೇಕು.

ಇನ್ನು ಕಮಾನಿನ ಪಕ್ಕದ ಬೋರ್ಡು. ಅದರ ಮೇಲೆ ದಪ್ಪ ಅಕ್ಷರದಲ್ಲಿ ರೇರಾ ನಂಬರ್ ಬರೆದಿತ್ತು. ಅದನ್ನು ನೋಡಿಯೇ ನಮ್ಮ ಜೊತೆಗಿದ್ದವರು ಎಷ್ಟೋ ಜನ ಸಮಾಧಾನ ಆದರು. ದಯವಿಟ್ಟು ಇದೊಂದನ್ನು ನೆನಪಿಡಿ. ಕರ್ನಾಟಕದ ರೇರಾ ನಂಬರ್ ಉದ್ದಕ್ಕೆ ಇರುತ್ತದೆ, ನಡುನಡುವೆ ಓರೆಗೀಟು (/). ಅದರ ನಡುವೆ ‘ಪಿಆರ್’ ಅನ್ನುವ ಇಂಗ್ಲಿಷ್ ಅಕ್ಷರಗಳು ಇದ್ದರೆ ಅದು ಪ್ರಾಜೆಕ್ಟಿನ ನೋಂದಣಿ. ‘ಎಜಿ’ ಇದ್ದರೆ ಅದು ಏಜೆಂಟನ ನೋಂದಣಿ. ನಮ್ಮ ಬೋರ್ಡಿನಲ್ಲಿ ಇದ್ದದ್ದು ‘ಎಜಿ’. ಅಂದರೆ ಮಾರುವವನು ನೋಂದಣಿ ಆಗಿದ್ದ, ಮಾರುತ್ತಿದ್ದ ಜಾಗ ಆಗಿರಲಿಲ್ಲ. ನಂಬರ್ ನಕಲಿ ಅಲ್ಲ, ಹಾಗಾಗಿ ಹಿಡಿಯುವುದೂ ಕಷ್ಟ. ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿ, ಸರ್ವೆ ನಂಬರ್ ತಾಳೆ ಮಾಡಿ. ಬೋರ್ಡು ನೋಡಿ ತೃಪ್ತಿಪಡಬೇಡಿ.

“ಖರೀದಿ ಪತ್ರ ಆಗೋವರೆಗೂ ಮಾದರಿ ಮನೆಯಲ್ಲಿ ಇರ್ರಿ, ಬಾಡಿಗೆ ಬ್ಯಾಡ” ಅಂದರು. ಉಪಕಾರ ಅಂತ ಕಂಡಿತು. ಅದು ಉಪಕಾರವಲ್ಲ. ಸಾಮಾನು ತಂದು ಇಳಿಸಿದ ಮೇಲೆ ಮುದುಕರು ಜಗಳ ಆಡುವುದಿಲ್ಲ ಅನ್ನುವುದು ಅವರ ಲೆಕ್ಕ. ಹೊಸದಾಗಿ ಜಾಗ ನೋಡಲು ಬಂದವರಿಗೆ ತೋರಿಸಲಿಕ್ಕೂ ಆಗುತ್ತದೆ, ‘ನೋಡ್ರಿ, ಜನ ಆಗಲೇ ಇದಾರೆ’ ಅಂತ.

ಜೂನ್ ಬಂತು. ಬೆಳಗಾವಿ ಜಿಲ್ಲೆಯ ಮಳೆ ಒಂದೇ ತರಹ ಇರುವುದಿಲ್ಲ. ಪೂರ್ವಕ್ಕೆ ಅಥಣಿ ಕಡೆ ನಮ್ಮ ವಿಜಯಪುರದ ಹಾಗೇ ಬರ. ಪಶ್ಚಿಮಕ್ಕೆ ಖಾನಾಪುರ ತಾಲ್ಲೂಕಿನ ಕಣಕುಂಬಿ, ಮಲಪ್ರಭೆ ಹುಟ್ಟುವ ಊರು, ರಾಜ್ಯದಲ್ಲೇ ಭಾರಿ ಮಳೆ ಬೀಳುವ ಜಾಗಗಳಲ್ಲಿ ಒಂದು. ಪೇಟೆಯಿಂದ ಪಶ್ಚಿಮಕ್ಕೆ ಹೋದಷ್ಟೂ ಮಳೆ ಜಾಸ್ತಿ. ಜನವರಿಯ ಬಿಸಿಲಲ್ಲಿ ಇದನ್ನು ಯಾರೂ ಹೇಳಲಿಲ್ಲ. ಬಿತ್ತು ನೋಡಿ, ನಿಲ್ಲಲೇ ಇಲ್ಲ. ಬಟ್ಟೆ ಒಣಗಲ್ಲ. ಚಪ್ಪಲಿಗೆ ಬೂಷ್ಟು, ಯಜಮಾನರ ಬೆಲ್ಟಿಗೆ ಬೂಷ್ಟು, ಗೋಡೆಯ ಮೂಲೆಗೆ ಹಸಿರು ಪಾಚಿ. ಊರಿಂದ ತಂದಿದ್ದ ಖಡಕ್ ರೊಟ್ಟಿ ಡಬ್ಬಿಯೊಳಗೇ ಮೆತ್ತಗಾಗಿ ಚಪಾತಿ ಆಯ್ತು. ಕಮಾನಿನಿಂದ ಮನೆವರೆಗೆ ಡಾಂಬರು ಹಾಕುತ್ತೇವೆ ಅಂದಿದ್ದ ರಸ್ತೆ ಕೆಂಪು ಕೆಸರು. ಮಿನಿ ಬಸ್ಸು ಬರಲೇ ಇಲ್ಲ. 2023ರಿಂದ ಶಕ್ತಿ ಯೋಜನೆ ಇದೆ, ಹೆಂಗಸರಿಗೆ ಟಿಕೆಟ್ ಫ್ರೀ. ಆದರೆ ನಮ್ಮ ಕಮಾನಿನ ಹತ್ತಿರ ನಿಲ್ಲುವ ಬಸ್ಸೇ ಇಲ್ಲದ ಮೇಲೆ ಫ್ರೀ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು?

ಯಜಮಾನರಿಗೆ ಮೊದಲಿಂದಲೂ ಸ್ವಲ್ಪ ಅಸ್ತಮಾ. ಒಂದು ರಾತ್ರಿ ಉಸಿರು ಹತ್ತಲಾರದೆ ಮಂಚದ ಮೇಲೆ ಎದ್ದು ಕೂತರು. ‘24 ಗಂಟೆ ನರ್ಸು’ ಅಂದಿದ್ದ ನಂಬರಿಗೆ ಫೋನ್ ಹಚ್ಚಿದೆ. ಸೇಲ್ಸ್ ಹುಡುಗನೇ ಎತ್ತಿದ, ‘ಬೆಳಿಗ್ಗೆ ನೋಡೋಣ್ರಿ’ ಅಂದ. 108ಕ್ಕೆ ಹಚ್ಚಿದೆ. ಆಂಬುಲೆನ್ಸ್ ಬಂತು, ಪಾಪ ಅವರ ತಪ್ಪೇನಿಲ್ಲ, ಆದರೆ ಡಾಂಬರು ಮುಗಿಯುವ ಕಡೆ ನಿಂತಿತು. ಒಳಗೆ ಬಂದರೆ ಗಾಲಿ ಹೂತುಹೋಗುತ್ತದೆ. ವಾಚ್‌ಮನ್ ಮತ್ತು ಕಟ್ಟಡದ ಕೆಲಸಕ್ಕೆ ಬಂದಿದ್ದ ಇಬ್ಬರು ಹುಡುಗರು ಸೇರಿ ಯಜಮಾನರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೆ ತಾಡಪತ್ರಿ ಹೊದಿಸಿ ಹೊತ್ತರು. ನಾನು ಮುಂದೆ ಮೊಬೈಲ್ ಬ್ಯಾಟರಿ ಹಿಡಿದು ನಡೆದೆ. ಒಬ್ಬ ಹುಡುಗನ ಚಪ್ಪಲಿ ಕೆಸರಲ್ಲೇ ಉಳಿಯಿತು, ಅವನು ಬರಿಗಾಲಲ್ಲೇ ಬಂದ. ಆಸ್ಪತ್ರೆ ಮುಟ್ಟಿದೆವು, ಹುಷಾರಾದರು. “ಈ ತಂಡಿಯಲ್ಲಿ ಮತ್ತೆ ಅಲ್ಲಿಗೇ ಹೋಗ್ತೀರಾ?” ಅಂತ ಡಾಕ್ಟರ್ ಕೇಳಿದರು. ಹೋಗಲಿಲ್ಲ.

ಕಾಗದದ ಕಥೆ ಹೊರಬಿದ್ದದ್ದು ಆಮೇಲೆ. ಪರಿಚಯದ ನಿವೃತ್ತ ತಲಾಠಿ (ಗ್ರಾಮ ಲೆಕ್ಕಿಗ) ಒಬ್ಬರು ಸರ್ವೆ ನಂಬರ್ ಕೇಳಿ, ಮೊಬೈಲಲ್ಲೇ ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟ್ ತೆಗೆದು ಉತಾರ (ಪಹಣಿ) ತೋರಿಸಿದರು. 9ನೇ ಕಾಲಂನಲ್ಲಿ ಯಾರೋ ಅಣ್ಣ-ತಮ್ಮಂದಿರ ಹೆಸರು, ಕಂಪನಿಯ ಹೆಸರೇ ಇಲ್ಲ. 11ನೇ ಕಾಲಂನಲ್ಲಿ ಸೊಸೈಟಿ ಸಾಲದ ಬೋಜಾ (ಋಣಭಾರ). ಜಮೀನು ಇನ್ನೂ ಕೃಷಿ ಜಮೀನೇ. ಎನ್ಎ, ಅಂದರೆ ಕೃಷಿಯೇತರ ಬಳಕೆಯ ಅನುಮತಿ, ನಮ್ಮ ಕಡೆ ಬಿನ್‌ಶೇತಕಿ ಅಂತೀವಲ್ಲ, ಅದಕ್ಕೆ ಅರ್ಜಿ ಕೊಟ್ಟಿದ್ದರು ಅಷ್ಟೇ. ಅರ್ಜಿಯ ಸ್ವೀಕೃತಿಯನ್ನೇ ಚಂದವಾಗಿ ಲ್ಯಾಮಿನೇಟ್ ಮಾಡಿ ‘ಎನ್ಎ ಕಾಪಿ’ ಅಂತ ತೋರಿಸುತ್ತಿದ್ದರು.

ಇವರು ಪೂರ್ತಿ ಸುಳ್ಳು ಹೇಳುವುದೇ ಇಲ್ಲ, ಅರ್ಧ ಸತ್ಯ ಹೇಳುತ್ತಾರೆ. “ಈಗ ಕಾಯ್ದೆ ಬದಲಾಗಿದೆ, ಯಾರು ಬೇಕಾದರೂ ಹೊಲ ತಗೋಬಹುದು” ಅಂದರು. ನಿಜ, ರೈತರಲ್ಲದವರು ಕೃಷಿ ಜಮೀನು ಕೊಳ್ಳದ ಹಾಗೆ ತಡೆಯುತ್ತಿದ್ದ ಕಲಂಗಳನ್ನು 2020ರಲ್ಲಿ ತೆಗೆದಿದ್ದಾರೆ. ಆದರೆ ಹೊಲ ಕೊಳ್ಳಬಹುದು ಅಂದರೆ ಹೊಲದಲ್ಲಿ ಕಾಲೊನಿ ಕಟ್ಟಬಹುದು ಅಂತ ಅಲ್ಲ. ಅದಕ್ಕೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆಗಬೇಕು, ಮೇಲೆ ಲೇಔಟ್ ನಕ್ಷೆಗೆ ಮಂಜೂರಾತಿ ಬೇಕು. ಬೆಳಗಾವಿ ಸುತ್ತ ಆದರೆ ಬುಡಾದಿಂದ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ). ಪಂಚಾಯಿತಿ ವ್ಯಾಪ್ತಿ ಆದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11-ಎ ಕೇಳಿ. ‘11-ಬಿ’ ಕೊಟ್ಟು ‘ಎಲ್ಲಾ ಒಂದೇ’ ಅಂದರೆ ನಂಬಬೇಡಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಿಂದ ಋಣಭಾರ ಪತ್ರವನ್ನು ನೀವೇ ತೆಗೆಸಿ. ಅವರು ಕೊಟ್ಟ ಝೆರಾಕ್ಸ್ ಬೇಡ. ವಕೀಲರನ್ನೂ ನೀವೇ ಹುಡುಕಿ. ‘ನಮ್ಮ ಕಂಪನಿ ವಕೀಲರೇ ಇದಾರೆ, ಫೀ ಇಲ್ಲ’ ಅಂದರೆ ಆ ವಕೀಲರು ಯಾರ ಕೆಲಸ ಮಾಡುತ್ತಾರೆ ಅಂತ ಬೇರೆ ಹೇಳಬೇಕಾ?

ಬ್ರೋಷರ್ ಬಿಸಾಡಬೇಡಿ. ಜಾಹೀರಾತಿನ ಸುಳ್ಳು ಮಾತು ನಂಬಿ ದುಡ್ಡು ಕಟ್ಟಿ ನಷ್ಟ ಆದರೆ ಪರಿಹಾರ ಕೇಳಲು ರೇರಾ ಕಾಯ್ದೆಯ 12ನೇ ಕಲಂ ಇದೆ. ಕುಂದಾ ಡಬ್ಬಿ ಕಟ್ಟಿ ಕೊಟ್ಟ ಚೀಲದ ಮೇಲೂ ‘24 ಗಂಟೆ ನರ್ಸ್’ ಅಂತ ಅಚ್ಚಾಗಿತ್ತು. ನಮ್ಮ ವಕೀಲರು ಅದನ್ನೂ ದಾಖಲೆಗಳ ಜೊತೆ ಸೇರಿಸಿದ್ದಾರೆ.

ಬಾಗಲಕೋಟೆ ಕಡೆ ನೋಡುತ್ತಿರುವವರಿಗೂ ಒಂದು ಮಾತು. ‘ಹಿನ್ನೀರು ಕಾಣುವ ಪ್ಲಾಟ್’ ಅಂದರೆ ಖುಷಿಪಡುವ ಮುಂಚೆ ಆ ಜಾಗದ ಮಟ್ಟ ಎಷ್ಟು ಅಂತ ಕೇಳಿ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ. ಅದನ್ನು 524.256 ಮೀಟರ್‌ಗೆ ಏರಿಸುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿದೆ. ಹಿನ್ನೀರಿಗೆ ಮನೆ ಕಳೆದುಕೊಂಡ ಹಳೇ ಬಾಗಲಕೋಟೆಯವರು ನವನಗರಕ್ಕೆ ಯಾಕೆ ಬಂದರು ಅಂತ ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಿವೃತ್ತಿ ದುಡ್ಡಲ್ಲಿ ಕಟ್ಟಿದ ಮನೆಗೆ ಇನ್ನೊಂದು ಸಲ ಪರಿಹಾರದ ಅರ್ಜಿ ಹಿಡಿದು ಓಡಾಡುವುದು ಬೇಡ.

ನಾವು ಈಗ ಬೆಳಗಾವಿಯಲ್ಲೇ ಇದ್ದೇವೆ, ಟಿಳಕವಾಡಿಯಲ್ಲಿ ಬಾಡಿಗೆಗೆ. ಕೆಳಗಿನ ಮಹಡಿ. ಔಷಧಿ ಅಂಗಡಿ ನಡೆದು ಹೋಗುವಷ್ಟು ಹತ್ತಿರ, ಬೆಳಿಗ್ಗೆ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ವಾಕಿಂಗ್. ಮಳೆ ಇಲ್ಲೂ ಇದೆ, ಆದರೆ ಆಟೋ ಬಾಗಿಲಿಗೇ ಬರುತ್ತದೆ. ನನ್ನ ಕೇಳಿದರೆ, ಯಾವ ಊರೇ ಇರಲಿ, ದುಡ್ಡು ಕಟ್ಟುವ ಮುಂಚೆ ಅದೇ ಭಾಗದಲ್ಲಿ ಬಾಡಿಗೆಗೆ ಇರಿ. ಬೆಳಗಾವಿಯಾದರೆ ಜೂನ್‌ನಿಂದ ಸೆಪ್ಟೆಂಬರ್, ವಿಜಯಪುರ ಅಥವಾ ಬಾಗಲಕೋಟೆಯಾದರೆ ಏಪ್ರಿಲ್-ಮೇ. ಮೊಬೈಲ್ ಸಿಗ್ನಲ್ ಕೂಡ ನೋಡಿ. ನವೆಂಬರ್‌ನಲ್ಲಿ ಮನೆಯಲ್ಲೇ ಕೂತು ಜೀವನ ಪ್ರಮಾಣ ಪತ್ರ ಕೊಡುವ ಸೌಲಭ್ಯ ಇದೆ ಅಂತಾರೆ, ಸಿಗ್ನಲ್ ಇಲ್ಲದ ಗುಡ್ಡದ ಮೇಲೆ ಯಾವ ಸೌಲಭ್ಯ? ಮತ್ತೆ, ಕಮ್ಯೂಟೇಶನ್ ದುಡ್ಡನ್ನು, ಅಂದರೆ ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಒಟ್ಟಿಗೆ ಪಡೆದ ದುಡ್ಡನ್ನು, ಇಂಥದಕ್ಕೆ ಹಾಕಲೇಬೇಡಿ. ನಾನು ಪಿಂಚಣಿಯ ಮೂರನೇ ಒಂದು ಭಾಗ ಕಮ್ಯೂಟ್ ಮಾಡಿದ್ದೆ. ಆ ಭಾಗ ಮತ್ತೆ ಪಿಂಚಣಿಗೆ ಸೇರುವುದು 15 ವರ್ಷ ಆದಮೇಲೆ.

ದುಡ್ಡು ವಾಪಸ್ ಕೇಳಿದಾಗ ಮುಂದಿನ ತಾರೀಖಿನ ಚೆಕ್ಕುಗಳನ್ನು ಕೊಟ್ಟರು. ಮೊದಲನೆಯದು ಪಾಸಾಯಿತು, ಎರಡನೆಯದು ಬೌನ್ಸ್. ಹಾಗೆ ಆದರೆ ‘ನಾಳೆ ಹಾಕ್ತೀವಿ’ ಅನ್ನುವ ಫೋನಿಗೆ ಕಾಯಬೇಡಿ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಮುಟ್ಟಿದ ಮೇಲೆ ಅವರಿಗೆ 15 ದಿನ ಗಡುವು, ಅದು ಮುಗಿದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಅವರು ಸಿಹಿ ಮಾತಾಡಿ ತಳ್ಳುವುದು ಈ ದಿನಗಳು ಕಳೆದುಹೋಗಲಿ ಅಂತಲೇ. ರಶೀದಿಯ ಕೆಳಗೆ ‘ವ್ಯಾಜ್ಯ ಬೆಂಗಳೂರು ನ್ಯಾಯಾಲಯದಲ್ಲಿ ಮಾತ್ರ’ ಅಂತ ಅಚ್ಚು ಹಾಕಿದ್ದರು. ಅದಕ್ಕೂ ಹೆದರಬೇಡಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಹಾಕಿಕೊಂಡವರು ಇದ್ದರೆ ಒಂದು ವಿಷಯ. ಇತ್ತೀಚೆಗೆ ಅವರ ಹುಡುಗರು ಮನೆಮನೆಗೆ ಬಂದು, “ಕಂಪನಿ ಹೆಸರು ಬದಲಾಗಿದೆ, ಹಳೇ ರಶೀದಿ ಕೊಡ್ರಿ, ಹೊಸಾದು ಕೊಡ್ತೀವಿ” ಅನ್ನುತ್ತಿದ್ದಾರೆ. ನಮ್ಮ ಜೊತೆ ಬುಕ್ ಮಾಡಿದ್ದ ಒಬ್ಬರು ಮೂಲ ರಶೀದಿಗಳನ್ನೆಲ್ಲಾ ಕೊಟ್ಟು ಕೂತಿದ್ದಾರೆ. ನೀವು ಕೊಡಬೇಡಿ. ಝೆರಾಕ್ಸ್ ಕೊಟ್ಟು, ಅದರ ಮೇಲೆ ಅವರ ಸಹಿ ಹಾಕಿಸಿಕೊಳ್ಳಿ.