ಕನ್ನಡದ ಹೆಸರಿಗೆ ಲೋಗೊ: ಮೂರು ದಾರಿಗಳನ್ನು ಒಂದೇ ಹೆಸರಿನ ಮೇಲೆ ಹೋಲಿಸಿ ನೋಡಿದ ಅನುಭವ

ಧಾರವಾಡದಲ್ಲಿ ಸ್ವತಂತ್ರ ಗ್ರಾಫಿಕ್ ಡಿಸೈನರ್ ಆಗಿ ಕೆಲಸ ಆರಂಭಿಸಿ ಹನ್ನೊಂದು ವರ್ಷಗಳಾದವು. ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಖಾನಾವಳಿ ನಡೆಸುವವರು, ಬಟ್ಟೆ ಅಂಗಡಿಯವರು, ದಂತವೈದ್ಯರು, ಮನೆಯಲ್ಲಿಯೇ ಚಟ್ನಿಪುಡಿ ಕುಟ್ಟಿ ಮಾರುವ ಮಹಿಳೆಯರು. ಬ್ರ್ಯಾಂಡ್ ಎಂಬ ಮಾತನ್ನು ಬಳಸದೆಯೇ ತಮ್ಮ ಹೆಸರಿಗೆ ಊರಿನಲ್ಲಿ ಬೆಲೆ ತಂದುಕೊಂಡವರು ಇವರು. ಲೋಗೊಗೆ ಎಷ್ಟಾಗುತ್ತದೆ ಎಂಬುದು ಇವರೆಲ್ಲರ ಮೊದಲ ಪ್ರಶ್ನೆ. ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ, ಹೆಸರಿನ ಅಕ್ಷರಗಳನ್ನು ಯಾವ ದಾರಿಯಲ್ಲಿ ರೂಪಿಸುತ್ತೇವೆ ಎಂಬುದು ಮೊದಲು ತೀರ್ಮಾನವಾಗಬೇಕು. ಡಿಟಿಪಿ ಅಂಗಡಿಗಳಲ್ಲಿ ಈಗಲೂ ಬಳಕೆಯಲ್ಲಿರುವ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಕನ್ನಡಕ್ಕೆ ಬಳಸಿಕೊಳ್ಳುವ ಫಾಂಟಿನಲ್ಲಿ, ಹೆಸರನ್ನು ಟೈಪಿಸಬಹುದು; ಮುಕ್ತ ಪರವಾನಗಿಯ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತವಿರುವ ಜಾಗತಿಕ ಪದ್ಧತಿ) ಫಾಂಟನ್ನು ಆಯ್ದುಕೊಂಡು ಅದರ ಅಕ್ಷರಗಳನ್ನು ತಿದ್ದಬಹುದು; ಇಲ್ಲವೇ ಕೈಯಿಂದ ಹೊಸದಾಗಿಯೇ ಬರೆಯಬಹುದು. ಮೂರನ್ನೂ ಬೇರೆ ಬೇರೆ ಕೆಲಸಗಳಲ್ಲಿ ಮಾಡಿದ್ದೆನಾದರೂ, ಒಂದೇ ಹೆಸರಿನ ಮೇಲೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಮುದ್ರಿಸಿ ನೋಡುವ ಅವಕಾಶ ಒದಗಿದ್ದು ಎರಡು ವರ್ಷಗಳ ಹಿಂದೆ.

ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳನ್ನು ಮಾಡಿ ಮಾರುವ, ಅರವತ್ತು ದಾಟಿದ ಹಿರಿಯರೊಬ್ಬರು ತಮ್ಮ ಅತ್ತೆಯವರ ಹೆಸರನ್ನೇ ಪುಡಿಗೆ ಇಡಬೇಕೆಂದು ಬಂದಿದ್ದರು. ನಿಜವಾದ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲವಾದ್ದರಿಂದ ಅದೇ ಬಗೆಯ ಅಕ್ಷರಗಳಿರುವ ‘ಸ್ವರ್ಣಮ್ಮ’ ಎಂಬ ಪದವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಈ ಪದದಲ್ಲಿ ಇರುವುದು ಮೂರೇ ಅಕ್ಷರ. ಆದರೆ ಕನ್ನಡ ಲಿಪಿಯಲ್ಲಿ ಡಿಸೈನರ್ ಎದುರಿಸಬೇಕಾದ ಕಷ್ಟಗಳೆಲ್ಲ ಆ ಮೂರರಲ್ಲಿಯೇ ಇವೆ. ‘ಸ’ದ ಕೆಳಗೆ ‘ವ’ದ ಒತ್ತು, ‘ಣ’ದ ಪಕ್ಕದಲ್ಲಿ ಅರ್ಕಾವತ್ತು, ‘ಮ’ದ ಕೆಳಗೆ ರೂಪವೇ ಬದಲಾಗಿ ನಿಲ್ಲುವ ಅದರದೇ ಒತ್ತು. ಇದರ ಪರಿಣಾಮವನ್ನು ಅಳತೆಯಲ್ಲಿ ಹೇಳುವುದಾದರೆ, 12 ಮಿ.ಮೀ. ಎತ್ತರದ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಪೂರ್ತಿ ಎತ್ತರವನ್ನೂ ತುಂಬಿಕೊಂಡು ನಿಲ್ಲುತ್ತವೆ. ಅಷ್ಟೇ ಪಟ್ಟಿಯಲ್ಲಿ ಕನ್ನಡದ ಮೂಲಾಕ್ಷರಕ್ಕೆ ನನಗೆ ಸಿಕ್ಕಿದ್ದು 7 ಮಿ.ಮೀ. ಮಾತ್ರ, ಉಳಿದದ್ದು ಒತ್ತಿನ ಪಾಲು. ಹೆಸರು ಕಾಣಿಸಿಕೊಳ್ಳಬೇಕಾಗಿದ್ದ ಸ್ಥಳಗಳು ಮೂರು: 48 ಮಿ.ಮೀ. ಅಗಲದ ಪೊಟ್ಟಣದ ಸ್ಟಿಕ್ಕರ್, ಮನೆಯ ಮುಂದಿನ 8 ಅಡಿ ಉದ್ದದ ಬೋರ್ಡ್ ಮತ್ತು ವಾಟ್ಸ್‌ಆ್ಯಪ್‌ನ ಪುಟ್ಟ ವೃತ್ತ.

ಮೊದಲನೆಯ ದಾರಿಯ ಬಗ್ಗೆ ನನಗೆ ಗೌರವವಿದೆ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಲ್ಲಿಯೇ ಕನ್ನಡಕ್ಕೆ ಅದರಲ್ಲಿ ಸ್ಥಾನ ಸಿಕ್ಕಿತ್ತಾದರೂ, ಪುಟವಿನ್ಯಾಸದ ತಂತ್ರಾಂಶಗಳು ನಮ್ಮ ಒತ್ತು, ಗುಣಿತಗಳನ್ನು ಸರಿಯಾಗಿ ಜೋಡಿಸಲು ಕಲಿತದ್ದು ಬಹಳ ತಡವಾಗಿ. ಆ ನಡುವಿನ ವರ್ಷಗಳಲ್ಲಿ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಇರದಿದ್ದರೆ ನಮ್ಮ ಕಚೇರಿಗಳಲ್ಲಾಗಲಿ ಮನೆಗಳಲ್ಲಾಗಲಿ ಕನ್ನಡ ಟೈಪಿಸುವುದು ಸಾಧ್ಯವಾಗುತ್ತಿರಲಿಲ್ಲ. ಲೋಗೊದ ಕೆಲಸಕ್ಕೆ ಮಾತ್ರ ಆಸ್ಕಿ ಫಾಂಟುಗಳನ್ನು ನಾನು ಈಗ ಬಳಸುವುದಿಲ್ಲ. ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಇರಿಸಿ, ಒಂದರ ಪಕ್ಕ ಒಂದನ್ನು ಜೋಡಿಸುವುದು ಅವುಗಳ ಕ್ರಮ. ಒತ್ತು ಎಷ್ಟು ಕೆಳಗೆ, ಎಷ್ಟು ಬಲಕ್ಕೆ ಕೂರಬೇಕೆಂಬುದು ಮೇಲಿನ ಅಕ್ಷರ ಯಾವುದೆಂದು ನೋಡಿ ತೀರ್ಮಾನವಾಗುವುದಿಲ್ಲ. ಮೊದಲೇ ನಿಗದಿಯಾದ ಜಾಗದಲ್ಲಿ ಬಂದು ಕೂರುತ್ತದೆ. ನಾನು ಟೈಪಿಸಿದ ಹೆಸರಿನಲ್ಲಿ ‘ವ’ದ ಒತ್ತು ‘ಸ’ದ ಹೊಟ್ಟೆಗೆ ತಗುಲಿಕೊಂಡಿತ್ತು. ಪರದೆಯ ಮೇಲೆ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ಸ್ಟಿಕ್ಕರ್ ಮುದ್ರಣವಾದಾಗ ಎರಡರ ನಡುವೆ ಶಾಯಿ ತುಂಬಿಕೊಂಡು ‘ಸ್ವ’ ಎಂಬುದು ಕಪ್ಪು ಗಂಟಿನಂತೆ ಕಂಡಿತು.

ಇನ್ನೂ ಕೆಟ್ಟ ಅನುಭವ ಅದಕ್ಕೂ ಹಿಂದಿನ ಒಂದು ಕೆಲಸದಲ್ಲಿ ಆಗಿತ್ತು. ಲೋಗೊವನ್ನು ಔಟ್‌ಲೈನ್‌ಗೆ, ಅಂದರೆ ಫಾಂಟಿನ ಅಗತ್ಯವಿಲ್ಲದ ರೇಖಾರೂಪಕ್ಕೆ, ಪರಿವರ್ತಿಸಿದ್ದೆ; ಪೊಟ್ಟಣದ ಹಿಂಬದಿಯಲ್ಲಿದ್ದ ಪದಾರ್ಥಗಳ ಪಟ್ಟಿಯನ್ನು ಪರಿವರ್ತಿಸಲು ಮರೆತಿದ್ದೆ. ಆ ಫಾಂಟ್ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಇರಲಿಲ್ಲವಾದ್ದರಿಂದ ಪಟ್ಟಿಯೆಲ್ಲವೂ ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ರಾಶಿಯಾಗಿ ಎರಡು ಸಾವಿರ ಲೇಬಲ್‌ಗಳ ಮೇಲೆ ಅಚ್ಚಾಯಿತು. ಆ ನಷ್ಟವನ್ನು ನಾನೇ ಭರಿಸಿದೆ. ಪರವಾನಗಿಯ ಪ್ರಶ್ನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ನಕಲಾಗುತ್ತ ಬಂದ ಇಂತಹ ಫಾಂಟುಗಳಿಗೆ ಖರೀದಿಯ ರಸೀದಿ ಯಾರ ಬಳಿಯೂ ಇರುವುದಿಲ್ಲ. ನಾಳೆ ವ್ಯಾಪಾರ ಬೆಳೆದು ಯಾರಾದರೂ ಲೆಕ್ಕ ಕೇಳಿದರೆ ಉತ್ತರ ಕೊಡಬೇಕಾದವರು ಗ್ರಾಹಕರು.

ಎರಡನೆಯ ದಾರಿಯಲ್ಲಿ ನಾನು ಕಳೆದ ಸಮಯ ಹೆಚ್ಚು, ಕಲಿತದ್ದೂ ಹೆಚ್ಚು. ಇಂದು ಅನೆಕ್ ಕನ್ನಡ, ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡ, ತಿರೊ ಕನ್ನಡ, ಅಕಾಯ ಕನಡಕ, ನಮ್ಮ ನೆರೆಯೂರಿನ ಹೆಸರನ್ನೇ ಹೊತ್ತ ಹುಬ್ಬಳ್ಳಿ ಮುಂತಾದ ಫಾಂಟುಗಳು ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ಉಚಿತವಾಗಿ ಸಿಗುತ್ತವೆ. ಫಾಂಟನ್ನೇ ಒಂದು ಸರಕಾಗಿ ಪ್ರತ್ಯೇಕವಾಗಿ ಮಾರಬಾರದೆಂಬ ನಿರ್ಬಂಧವಿದೆಯೇ ಹೊರತು, ಅದರಲ್ಲಿ ಲೋಗೊ ಮಾಡಿ ವ್ಯಾಪಾರಕ್ಕೆ ಬಳಸಲು ಯಾವ ಅಡ್ಡಿಯೂ ಇಲ್ಲ. ಎಲ್ಲವನ್ನೂ ಪರೀಕ್ಷಿಸಿ ಕೊನೆಗೆ ಅನೆಕ್ ಕನ್ನಡವನ್ನು ಆಯ್ದುಕೊಂಡೆ. ಅಕ್ಷರದ ದಪ್ಪವನ್ನಷ್ಟೇ ಅಲ್ಲದೆ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ವೇರಿಯಬಲ್ ಫಾಂಟ್ ಅದು. ಬಲೂ ತಮ್ಮದ ದುಂಡನೆಯ ರೂಪ ಚಟ್ನಿಪುಡಿಗೆ ಹೆಚ್ಚು ಒಪ್ಪುತ್ತಿತ್ತು. ಆದರೆ ಅದರ ದಪ್ಪ ರೂಪದಲ್ಲಿ ಸ್ಟಿಕ್ಕರಿನ ಅಳತೆಗೆ ಇಳಿಸಿದಾಗ ‘ಮ’ದ ಬಲಬದಿಯ ಸುರುಳಿ ಮುಚ್ಚಿಕೊಂಡು ‘ವ’ ಎಂದು ಓದುವಂತಾಯಿತು. ಹೆಸರೇ ತಪ್ಪಾಗಿ ಕಂಡರೆ ಆ ಚೆಲುವಿನಿಂದ ಪ್ರಯೋಜನವಿಲ್ಲ.

ಅರ್ಕಾವತ್ತಿನ ವಿಚಾರದಲ್ಲಿ ಒಂದು ವಾರವೇ ಹೋಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕನ್ನಡ ಲೋಗೊಗಳಲ್ಲಿ ಇಂದು ಅತಿ ಹೆಚ್ಚು ತಪ್ಪುಗಳಾಗುತ್ತಿರುವುದು ಇಲ್ಲಿಯೇ. ಅರ್ಕಾವತ್ತಿನ ಆಕಾರ ಕನ್ನಡದ ಒಂಬತ್ತರ ಅಂಕಿಯನ್ನು ಹೋಲುತ್ತದೆ. ಅನೇಕರು ಅರ್ಕಾವತ್ತನ್ನು ಮೂಡಿಸಲು ತಿಳಿಯದೆ ‘ಣ’ದ ಪಕ್ಕದಲ್ಲಿ ಒಂಬತ್ತನ್ನೇ ಟೈಪಿಸಿಬಿಡುತ್ತಾರೆ, ಕಣ್ಣಿಗೆ ‘ಸ್ವಣ೯ಮ್ಮ’ ಎಂದು ಸರಿಯಾಗಿಯೇ ಕಾಣುತ್ತದೆ, ಆದರೆ ಅದೇ ಪದವನ್ನು ಗ್ರಾಹಕರು ಗೂಗಲ್‌ನಲ್ಲಿ ಸರಿಯಾಗಿ ಟೈಪಿಸಿ ಹುಡುಕಿದಾಗ ಎರಡೂ ಬೇರೆ ಬೇರೆ ಪದಗಳಾಗುತ್ತವೆ. ‘ರ’ ಮತ್ತು ಅದರ ಕೆಳಗೆ ‘ಣ’ದ ಒತ್ತು ಬರುವ ‘ರ‍್ಣ’ ಎಂಬ ಇನ್ನೊಂದು ರೂಪವೂ ಇದೆ. ಅದಕ್ಕೆ ‘ಝೀರೊ ವಿಡ್ತ್ ಜಾಯ್ನರ್’ ಎಂಬ ಕಣ್ಣಿಗೆ ಕಾಣದ ಸಂಕೇತವನ್ನು ‘ರ’ದ ನಂತರ ಸೇರಿಸಬೇಕು. ಉಚ್ಚಾರಣೆಯ ಕ್ರಮದಲ್ಲಿಯೇ ಇರುವುದರಿಂದ ಆ ರೂಪವೇ ಮೇಲೆಂದು ನನಗೆ ಅನಿಸಿತ್ತು. ಎರಡನ್ನೂ ಮುದ್ರಿಸಿ ತೋರಿಸಿದಾಗ ಆ ಹಿರಿಯರು ಕನ್ನಡಕ ಏರಿಸಿಕೊಂಡು ಎರಡು ಚೀಟಿಗಳನ್ನೂ ಬಹಳ ಹೊತ್ತು ನೋಡಿದರು. “ತಮ್ಮಾ, ಇದೂ ಚಂದ ಅದ. ಆದ್ರ ನಮ್ಮತ್ತಿ ತಮ್ಮ ಸಹಿ ಮಾಡೋವಾಗ ಅರ್ಕಾವತ್ತು ಹಾಕತಿದ್ರು,” ಎಂದು ಮೊದಲ ಚೀಟಿಯ ಮೇಲೆ ಬೆರಳಿಟ್ಟರು. ಆ ಮಾತಿನ ಮುಂದೆ ನನ್ನ ವಾದಕ್ಕೆ ಅರ್ಥವಿರಲಿಲ್ಲ.

ಮುಂದೆ ನಾನು ಮಾಡಿದ್ದು ಇಷ್ಟು. ಹೆಸರನ್ನು ಔಟ್‌ಲೈನ್‌ಗೆ ಪರಿವರ್ತಿಸಿ, ಅರ್ಕಾವತ್ತನ್ನು ‘ಣ’ದ ಹತ್ತಿರಕ್ಕೆ ಸರಿಸಿ ಅಂಕಿಯಂತೆ ಕಾಣದ ಹಾಗೆ ಅದರ ಬಾಲವನ್ನು ಮೊಟಕುಗೊಳಿಸಿದೆ, ಎರಡೂ ಒತ್ತುಗಳನ್ನು ಒಂದೇ ಗೆರೆಗೆ ತಂದು, ಮೂಲಾಕ್ಷರದಿಂದ ತುಸು ದೂರ ಇಳಿಸಿದೆ, ತಲೆಕಟ್ಟಿನ ತುದಿಗಳನ್ನು ಮಾತ್ರ ಒರಳಿನ ಅಂಚಿನಂತೆ ದುಂಡಾಗಿಸಿದೆ. ಇಲ್ಲಸ್ಟ್ರೇಟರ್ ಎಂಬ ವಿನ್ಯಾಸ ತಂತ್ರಾಂಶವನ್ನು ಬಳಸುವವರು ಸೆಟ್ಟಿಂಗ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ತೆರೆದು, ದಕ್ಷಿಣ ಏಷ್ಯಾ ಲಿಪಿಗಳಿಗಾಗಿ ಇರುವ, ಅಕ್ಷರಗಳನ್ನು ಜೋಡಿಸುವ ಕಂಪೋಸರ್‌ಗೆ ಬದಲಿಸದಿದ್ದರೆ ಒತ್ತುಗಳು ಚದುರಿ ಬೀಳುತ್ತವೆ; ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ನನಗೆ ಎದುರಾಗಲಿಲ್ಲ. ಈ ದಾರಿಗೆ ಇನ್ನೊಂದು ಬಲವೂ ಇದೆ. ಆಹಾರದ ಪೊಟ್ಟಣದ ಮೇಲೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಕನ್ನಡವನ್ನು ಅವುಗಳ ಜೊತೆಗೆ ಸೇರಿಸಿಕೊಳ್ಳಬಹುದು. ಹಾಗಾಗಿ ಪೊಟ್ಟಣದಲ್ಲಿ ಎರಡು ಲಿಪಿಗಳು ಅಕ್ಕಪಕ್ಕ ಬಾಳಲೇಬೇಕು. ಕನ್ನಡ ಮತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದೇ ದಪ್ಪ, ಒಂದೇ ಗುಣದಲ್ಲಿ ರೂಪಿಸಿರುವ ಫಾಂಟ್ ಕೈಯಲ್ಲಿದ್ದರೆ ಆ ಹೊಂದಾಣಿಕೆ ತಾನಾಗಿಯೇ ಬರುತ್ತದೆ.

ಮೂರನೆಯ ದಾರಿಗೆ ನಾನು ಒಬ್ಬನೇ ಸಾಲುವುದಿಲ್ಲ. ನಾಲ್ಕು ದಶಕ ಬೋರ್ಡ್ ಬರೆದು ಈಗ ವಿಶ್ರಾಂತಿಯಲ್ಲಿರುವ ಹಿರಿಯ ಕಲಾವಿದರೊಬ್ಬರಲ್ಲಿಗೆ ಹೆಸರನ್ನು ಒಯ್ದೆ. ಅವರು ಚಪ್ಪಟೆ ಕುಂಚದಿಂದ ‘ಮ್ಮ’ ಬರೆಯುವುದನ್ನು ಹತ್ತಿರದಿಂದ ನೋಡಿದೆ: ತಲೆಕಟ್ಟನ್ನು ಮೊದಲು ಎಳೆಯದೆ, ಸುರುಳಿಯಿಂದ ಆರಂಭಿಸಿ, ಕುಂಚವನ್ನು ಎತ್ತದೆ ಒತ್ತಿಗೆ ಇಳಿದು, ತಲೆಕಟ್ಟನ್ನು ಕೊನೆಗೆ ಟೋಪಿ ಇಟ್ಟಂತೆ ಇಟ್ಟರು. ಮೂಲಾಕ್ಷರ ಮತ್ತು ಒತ್ತು ಒಂದೇ ದೇಹದ ಅಂಗಗಳಂತೆ ಕಂಡವು. ಯಾವ ಫಾಂಟಿನಲ್ಲಿಯೂ ನನಗೆ ಆ ಜೀವ ಸಿಕ್ಕಿಲ್ಲ. ಅವರು ಬರೆದ ಹನ್ನೆರಡು ಹಾಳೆಗಳಲ್ಲಿ ಒಂದನ್ನು ಆಯ್ದು, ಸ್ಕ್ಯಾನ್ ಮಾಡಿ, ರೇಖೆಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಮತ್ತೆ ಎಳೆದೆ. ಎಂಟು ಅಡಿಯ ಬೋರ್ಡಿನಲ್ಲಿ ಅದರ ಹತ್ತಿರಕ್ಕೂ ಉಳಿದೆರಡು ಬರಲಿಲ್ಲ. ಆದರೆ ಸ್ಟಿಕ್ಕರಿಗೆ ಇಳಿಸಿದಾಗ ಕುಂಚದ ಸಣ್ಣ ಎಳೆಗಳು ಮಾಯವಾದವು. ಚಿಕ್ಕ ಅಳತೆಗೆಂದು ಇನ್ನೊಂದು ರೂಪವನ್ನೇ ಬರೆಯಬೇಕಾಯಿತು. ಅದಕ್ಕಿಂತ ದೊಡ್ಡ ತೊಡಕು ಮುಂದೆ ಬಂದಿತು. ‘ಅಗಸಿ ಚಟ್ನಿ’, ‘ಗುರೆಳ್ಳು ಚಟ್ನಿ’ ಎಂಬ ಹೆಸರುಗಳೂ ಅದೇ ಬರಹದಲ್ಲಿ ಬೇಕೆಂದಾಗ ಪ್ರತಿಯೊಂದು ಪದಕ್ಕೂ ಆ ಕಲಾವಿದರ ಮನೆಗೆ ಹೋಗಬೇಕು. ಅವರ ಕೈ ಈಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ನಡೆಯುವುದಿಲ್ಲ.

ಹಣದ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಈ ವೃತ್ತಿಗೆ ಬರುತ್ತಿರುವ ಕಿರಿಯರಿಗೆ ಇದು ಉಪಯೋಗವಾದೀತು. ಮೊದಲ ದಾರಿಗೆ ನಾನು ಪಡೆಯುತ್ತಿದ್ದದ್ದು 4,500 ರೂಪಾಯಿ, ತಗಲುತ್ತಿದ್ದದ್ದು ಮೂರು ಗಂಟೆ, ಗಂಟೆಗೆ 1,500. ಎರಡನೆಯದಕ್ಕೆ 15,000 ರೂಪಾಯಿ, ಹದಿನಾಲ್ಕು ಗಂಟೆ. ಗಂಟೆಗೆ ಸುಮಾರು 1,070. ಮೂರನೆಯದಕ್ಕೆ 30,000 ರೂಪಾಯಿ ಪಡೆದು, ಅದರಲ್ಲಿ 6,000 ರೂಪಾಯಿಯನ್ನು ಬೋರ್ಡ್ ಕಲಾವಿದರಿಗೆ ಕೊಟ್ಟು, ಮೂವತ್ತೆಂಟು ಗಂಟೆ ದುಡಿದರೆ ಗಂಟೆಗೆ 630 ರೂಪಾಯಿಯಷ್ಟು ಉಳಿಯುತ್ತದೆ. ಗ್ರಾಹಕರಿಗೆ ಎಲ್ಲಕ್ಕಿಂತ ಕಡಿಮೆ ಬಾಳಿಕೆ ಬರುವ ದಾರಿಯೇ ಡಿಸೈನರ್‌ಗೆ ಗಂಟೆಯ ಲೆಕ್ಕದಲ್ಲಿ ಹೆಚ್ಚು ಕೊಡುತ್ತದೆ ಎಂಬುದು ಮೇಲ್ನೋಟದ ಸತ್ಯ. ಆದರೆ ಮೊದಲ ದಾರಿಯ ಒಂದು ಕೆಲಸಕ್ಕೆ ನಂತರದ ತಿಂಗಳುಗಳಲ್ಲಿ ಬಂದ ರಿಪೇರಿಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ: ಮುದ್ರಣಾಲಯದ ಕರೆ, ಬೋರ್ಡಿನವರಿಗೆ ಮತ್ತೊಂದು ಫೈಲು, ಇನ್‌ಸ್ಟಾಗ್ರಾಮಿಗೆ ಪಠ್ಯವನ್ನೆಲ್ಲ ಮತ್ತೆ ಟೈಪಿಸುವುದು, ಎಲ್ಲ ಸೇರಿ ಒಂಬತ್ತು ಗಂಟೆ. ಅದನ್ನು ಕೂಡಿಸಿದರೆ ಗಂಟೆಗೆ 375 ರೂಪಾಯಿ. ಹಣದ ದೃಷ್ಟಿಯಿಂದಲೂ ನಾನು ಅದನ್ನು ಬಿಟ್ಟದ್ದು ಆ ಲೆಕ್ಕ ಹಾಕಿದ ದಿನ.

ಚಿತ್ರ ಬರೆಯುವ ಕೃತಕ ಬುದ್ಧಿಮತ್ತೆಯ ಸಾಧನಗಳಿಗೂ ಹೆಸರನ್ನು ಕೊಟ್ಟು ನೋಡಿದೆ. ನಾನು ಪ್ರಯತ್ನಿಸಿದಾಗಲೆಲ್ಲ ಕನ್ನಡದಲ್ಲಿ ಇಲ್ಲದ ಒತ್ತುಗಳನ್ನು ಅವು ಸೃಷ್ಟಿಸಿದವು. ಬಣ್ಣಗಳ ಆಲೋಚನೆಗೆ ಬಳಸಿಕೊಳ್ಳಬಹುದು, ಅಕ್ಷರಕ್ಕೆ ಬೇಡ.

ಯಾವ ದಾರಿಯಾದರೂ ಒಪ್ಪಂದದಲ್ಲಿ ಮಾತ್ರ ಸಡಿಲ ಬಿಡಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ಚಟ್ನಿಪುಡಿಯನ್ನು ಮಗಳ ಮೂಲಕ ದುಬೈಗೆ ಕಳುಹಿಸುವ ಯೋಚನೆಯಲ್ಲಿದ್ದ ಗ್ರಾಹಕರಿಗೆ ಈ ಎರಡು ಸಾಲುಗಳು ಎಷ್ಟು ಮುಖ್ಯವೆಂದು ವಿವರಿಸಿ, ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಬರೆದುಕೊಟ್ಟೆ. ಕೈಬರಹದ ದಾರಿಯಲ್ಲಿ ಬೋರ್ಡ್ ಕಲಾವಿದರಿಂದಲೂ ಇಂತಹ ಪತ್ರವನ್ನು ಪಡೆಯಬೇಕು, ಅದಕ್ಕೆ ತಕ್ಕ ಹಣವನ್ನೂ ಕೊಡಬೇಕು. ಟ್ರೇಡ್‌ಮಾರ್ಕ್ ನೋಂದಣಿಗೆ ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳು ಆನ್‌ಲೈನ್‌ನಲ್ಲಿ ಸರಕಿನ ಒಂದು ವರ್ಗಕ್ಕೆ ಕಟ್ಟಬೇಕಾದ ಶುಲ್ಕ 4,500 ರೂಪಾಯಿ. ನೋಂದಣಿಯಾದರೆ ಹತ್ತು ವರ್ಷಗಳ ರಕ್ಷಣೆ. ಲೋಗೊದ ಅಂದಕ್ಕಿಂತ ಮೊದಲು ಆ ಹೆಸರು ಬೇರೆಯವರ ಬಳಿ ಇದೆಯೇ ಎಂದು ಹುಡುಕಿ ನೋಡುವುದಕ್ಕೆ ನಾನು ಮೊದಲ ಭೇಟಿಯಲ್ಲಿಯೇ ಅರ್ಧ ಗಂಟೆ ಇಟ್ಟುಕೊಳ್ಳುತ್ತೇನೆ.

ಮೂರು ಮಾದರಿಗಳನ್ನೂ ಒಂದೊಂದು ಪೊಟ್ಟಣಕ್ಕೆ ಅಂಟಿಸಿ ಚಟ್ನಿಪುಡಿಯ ಆ ಹಿರಿಯರು ತಮ್ಮ ಓಣಿಯ ಮನೆಗಳಿಗೆ ಕೊಟ್ಟು ಬಂದರು. ಒಂದು ವಾರದ ನಂತರ ಎರಡನೆಯದನ್ನು ಪೊಟ್ಟಣಕ್ಕೂ ವಾಟ್ಸ್‌ಆ್ಯಪ್‌ಗೂ, ಮೂರನೆಯದನ್ನು ಮನೆಯ ಬೋರ್ಡಿಗೂ ಆರಿಸಿದರು. ಒಂದು ಹೆಸರಿಗೆ ಎರಡು ರೂಪ ಇರಬಾರದೆಂದು ನಾನು ನಂಬಿದ್ದೆ. ಒಂದೇ ಬಣ್ಣ, ಒಂದೇ ಬಗೆಯ ಅರ್ಕಾವತ್ತು ಇದ್ದುದರಿಂದ ಎರಡೂ ಒಂದೇ ಮನೆಯವೆಂದು ಜನ ಗುರುತಿಸಿದರು.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಿಂದ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿಯೇ, ಇರಬೇಕೆಂಬ ನಿಯಮ ಬಂದ ಮೇಲೆ, ಇಂಗ್ಲಿಷಿನಲ್ಲಿ ಲೋಗೊ ಮಾಡಿಸಿಕೊಂಡು ಅದರ ಮೇಲೆ ಕನ್ನಡವನ್ನು ಕೂರಿಸಿಕೊಡಿ ಎಂದು ಬರುವವರು ಹೆಚ್ಚಾಗಿದ್ದಾರೆ. ಈ ವಾರವೂ ಮೇಜಿನ ಮೇಲೆ ಅಂತಹ ಎರಡು ಕೆಲಸಗಳಿವೆ. ದಂತವೈದ್ಯರ ಕ್ಲಿನಿಕ್ಕಿಗೆ ತಿದ್ದಿದ ಯೂನಿಕೋಡ್ ಫಾಂಟ್ ಸಾಕು. ಕನ್ನಡವನ್ನು ಮೊದಲು ರೂಪಿಸಿ, ಇಂಗ್ಲಿಷನ್ನು ಅದಕ್ಕೆ ಹೊಂದಿಸಲು ಅವರು ಒಪ್ಪಿದ್ದಾರೆ. ಇನ್ನೊಂದು ಮೂರು ತಲೆಮಾರಿನ ಪೇಢೆ ಅಂಗಡಿ. ಅದರ ಹಳೆಯ ತಗಡಿನ ಬೋರ್ಡಿನ ಮೇಲೆ ಯಾರೋ ಎನಾಮೆಲ್ ಬಣ್ಣದಲ್ಲಿ ಬರೆದ ಅಕ್ಷರಗಳು ಇನ್ನೂ ಅರ್ಧದಷ್ಟು ಉಳಿದಿವೆ. ನಾಳೆ ಬೆಳಿಗ್ಗೆ ಟ್ರೇಸಿಂಗ್ ಹಾಳೆ ತೆಗೆದುಕೊಂಡು, ಆ ಬೋರ್ಡ್ ಕಲಾವಿದರನ್ನೂ ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.