ಬುತ್ತಿ ಬಿಚ್ಚೋದು ಎಲ್ಲಿ? ಆನೆಗೊಂದಿ, ಹಿರೇಬೆಣಕಲ್, ಇಟಗಿ

ನನ್ನ ಮೈದುನ ಹೋದ ವರ್ಷ ಕಾಂಬೋಡಿಯಾ ಸುತ್ತಿ ಬಂದ. ಗವಿಮಠದ ಜಾತ್ರೆಗೆ ಅಂತ ಬೆಂಗಳೂರಿನಿಂದ ಕೊಪ್ಪಳಕ್ಕೆ ಬಂದವನು ನಮ್ಮ ಪಡಸಾಲೆಯಲ್ಲಿ ಕೂತು ಎರಡು ತಾಸು ಅಲ್ಲಿನ ಅಂಗ್ಕೋರ್ ವಾಟ್ ಗುಡಿಯ ಫೋಟೋ ತೋರಿಸಿದ. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕೊನೆಗೆ ಫೋನ್ ಜೇಬಿಗೆ ಹಾಕುತ್ತಾ ಒಂದು ಮಾತು ಅಂದ: "ನಮ್ ಕಡೆ ಏನೈತಿ ಅತ್ತಿಗಿ, ಹಂಪಿ ಒಂದು ಬಿಟ್ರ?"

ಅಲ್ಲಿಗೆ ನನಗೆ ರೇಗಿತು. ಹಂಪಿ ಈಗ ವಿಜಯನಗರ ಜಿಲ್ಲೆ, ಅದನ್ನು ಲೆಕ್ಕಕ್ಕೇ ಹಿಡಿಯಬೇಡ, ನಮ್ಮ ಜಿಲ್ಲೆಯಲ್ಲೇ ಮೂರು ಜಾಗ ತೋರಿಸ್ತೀನಿ ಅಂದೆ. ಹೇಗೂ ಅವನಿಗೆ ಮನೆಯಿಂದಲೇ ಕೆಲಸ, ಮೂರು ವಾರ ಇರುವವನಿದ್ದ. ಕಾರಿನಲ್ಲಿ ನಾಲ್ಕು ಜನ: ನಾನು, ನಮ್ಮ ಮನೆಯವರು, ಮೈದುನ, ಮತ್ತೆ ಎಪ್ಪತ್ತು ದಾಟಿದ ನಮ್ಮ ಅತ್ತೆ. ಅತ್ತೆಗೆ ಮೊಣಕಾಲು ನೋವು. ಆದರೆ ನೀವು ಮನೆಯಲ್ಲಿರಿ ಅಂದರೆ ಇರುವವರಲ್ಲ.

ಜಾಗ ಅಳೆಯಲು ನನ್ನದೊಂದು ಅಳತೆ ಇದೆ. ಬುತ್ತಿ ಎಲ್ಲಿ ಬಿಚ್ಚೋದು? ನೆರಳು ಇದೆಯಾ, ಯಾರೂ ಎಬ್ಬಿಸದ ಹಾಗೆ ಅರ್ಧ ತಾಸು ಕೂರಬಹುದಾ? ಮೈದುನ ನಕ್ಕ. ನಗಲಿ ಬಿಡಿ, ರೊಟ್ಟಿ ಬಡಿಯುವವಳು ನಾನು ಅಲ್ವಾ.

ಮೊದಲು ಆನೆಗೊಂದಿ. ಯಾರನ್ನು ಕೇಳಿದರೂ ಅದನ್ನೇ ಹೇಳೋದು. ರಾತ್ರಿ ಉಳಿಯೋಣ ಅಂತ ಶನಿವಾರ ಮಧ್ಯಾಹ್ನವೇ ಹೊರಟೆವು. ದಾರಿಯುದ್ದಕ್ಕೂ ಭತ್ತದ ನಾಟಿ, ಬಾಳೆ ತೋಟ, ನಡುವೆ ಯಾರೋ ಬುಟ್ಟಿಯಿಂದ ಸುರಿದು ಹೋದ ಹಾಗೆ ಗುಂಡುಗಳು. ಈ ಸೀಮೆಯಲ್ಲಿ ವಿಜಯನಗರದ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ನನಗೆ ಅರಮನೆ, ಕೋಟೆಗಿಂತ ಅದೇ ಜಾಸ್ತಿ ದೊಡ್ಡದು ಅನ್ನಿಸುತ್ತದೆ. ಮೈದುನನಿಗೆ ಅನ್ನಿಸಲಿಲ್ಲ.

ಹನುಮ ಹುಟ್ಟಿದ ಜಾಗ ಅಂತ ಜನ ನಂಬುವ ಅಂಜನಾದ್ರಿ ಗುಡ್ಡಕ್ಕೆ 575 ಮೆಟ್ಟಿಲು. ಅತ್ತೆ ಕೆಳಗೆ ನಿಂತೇ ಕೈ ಮುಗಿದರು. ನಾವು ಮೂವರು ಹತ್ತಿದೆವು. ಮೇಲಿನಿಂದ ಕಾಣುವ ತುಂಗಭದ್ರಾ ಹೊಳೆ, ಗದ್ದೆ, ಆಚೆ ದಡದ ಹಂಪಿಯ ಗುಡ್ಡಗಳು, ಇದಕ್ಕೆ ಎದುರಿಲ್ಲ ಅಂತ ಒಪ್ಪುತ್ತೇನೆ. ಆದರೆ ಜನವೋ ಜನ. ಕೂರುವುದಿರಲಿ, ನಿಲ್ಲಲು ಜಾಗ ಸಿಕ್ಕರೆ ಪುಣ್ಯ.

ಊರೊಳಗೆ ಬಂದರೆ ಬೇರೆ ಲೋಕ. ರಂಗನಾಥನ ಗುಡಿ, ಅದರ ಹತ್ತಿರ ಗಗನ ಮಹಲು, ಕಟ್ಟೆ ಮೇಲೆ ಹರಟುವ ಹಿರಿಯರು. ಹುಚ್ಚಪ್ಪಯ್ಯನ ಮಠದ ಕಪ್ಪು ಕಂಬಗಳನ್ನು ತಪ್ಪದೆ ನೋಡಿ. ಹೊಳೆ ದಂಡೆಗೆ 64 ಕಂಬದ ಮಂಟಪ ಇದೆ. ಅದು ಕೃಷ್ಣದೇವರಾಯನ ಸಮಾಧಿ ಅಂತ ಊರವರ ಮಾತು. ಮರುದಿನ ಬೆಳಿಗ್ಗೆ ದೋಣಿಯಲ್ಲಿ ನವಬೃಂದಾವನಕ್ಕೆ ಹೋದೆವು. ಹೊಳೆ ನಡುವಿನ ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು, ಕೃಷ್ಣದೇವರಾಯನ ಗುರು ವ್ಯಾಸರಾಯರದೂ ಅಲ್ಲೇ. ಮಾತೇ ಬೇಡ ಅನ್ನಿಸುವಂಥ ಜಾಗ. ಆದರೆ ದೋಣಿ ಇಳಿಯುವಾಗ, ಹತ್ತುವಾಗ ಅತ್ತೆಯನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು.

ರಾತ್ರಿ ತಂಗಿದ ಕಥೆ ಮಾತ್ರ ಕೇಳಬೇಡಿ. ಹಳೇ ಮಣ್ಣಿನ ಮನೆ, ತೊಲೆ-ಕಂಬ, ಒಳಾಂಗಳ ಅಂತ ಫೋಟೋ ನೋಡಿ ಮುಂಗಡ ಕಳಿಸಿದ್ದೆ. ಹೋಗಿ ನೋಡಿದರೆ ಆ ಕೋಣೆಯಲ್ಲಿ ಆಗಲೇ ಬೇರೆಯವರು. ನಮಗೆ ಹಿತ್ತಲಿನ ತಗಡಿನ ಕೋಣೆ. ಕೇಳಿದರೆ, "ಒಂದ್ ರಾತ್ರಿ ಅಡ್ಜಸ್ಟ್ ಮಾಡ್ಕೊಳ್ರಿ ಅಕ್ಕಾ." ಅತ್ತೆ ರಾತ್ರಿಯಿಡೀ ಸೊಳ್ಳೆ ಹೊಡೆದರು. ಮುಂದಿನ ಸಲ ಹೋದರೆ ಬೆಳಿಗ್ಗೆ ಹೋಗಿ ಸಂಜೆ ಬರೋದು ಅಂತ ಅಲ್ಲೇ ತೀರ್ಮಾನ ಮಾಡಿದೆ. ಬುತ್ತಿ ಬಿಚ್ಚಿದ್ದು ಹೊಳೆ ದಂಡೆ ಬಂಡೆ ಮೇಲೆ. ಆ ಮಟ್ಟಿಗೆ ಪೂರ್ತಿ ಅಂಕ ಕೊಡುತ್ತಿದ್ದೆ, ಒಂದು ಮಂಗ ಚಟ್ನಿಪುಡಿ ಡಬ್ಬಿ ಸಮೇತ ಗುಡ್ಡ ಹತ್ತದೇ ಇದ್ದಿದ್ದರೆ.

ಎರಡನೇ ಭಾನುವಾರ ಹಿರೇಬೆಣಕಲ್. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಅತ್ತೆಯನ್ನು ಗಂಗಾವತಿಯಲ್ಲಿ ಅವರ ತಮ್ಮನ ಮನೆಯಲ್ಲಿ ಬಿಟ್ಟೆವು, ಯಾಕೆಂದರೆ ಇಲ್ಲಿ ಮೆಟ್ಟಿಲೂ ಇಲ್ಲ, ಸರಿಯಾದ ದಾರಿಯೂ ಇಲ್ಲ. ಬಂಡೆ, ಮುಳ್ಳುಕಂಟಿ, ಮತ್ತೆ ಬಂಡೆ. ದಾರಿ ತೋರಿಸಲು ಕುರಿ ಕಾಯುವ ಅಜ್ಜ ಒಬ್ಬರು ಸಿಕ್ಕರು. ಅವರ ಕಾಲಲ್ಲಿ ಹರಿದ ಹವಾಯಿ ಚಪ್ಪಲಿ, ಮೈದುನನ ಕಾಲಲ್ಲಿ ಎಂಟು ಸಾವಿರದ ಬೂಟು. ಮೊದಲು ಜಾರಿದ್ದು ಬೂಟು.

ಸುಸ್ತಾಗಿ ಇನ್ನು ಸಾಕಪ್ಪ ಅನ್ನುವ ಹೊತ್ತಿಗೆ ಒಂದು ಏರು ಮುಗಿದು ಸಮತಟ್ಟು ಜಾಗ ಬಂತು. ಅಲ್ಲಿ ಊರೇ ಇದೆ. ಕಲ್ಲಿನ ಮನೆಗಳ ಊರು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು, ಕೆಲವು ಆಳೆತ್ತರ ಮೀರಿದವು, ಕೆಲವು ಮೊಣಕಾಲೆತ್ತರ. ಮನೆ ಅಂದೆ, ಆದರೆ ಇವು ಸತ್ತವರಿಗಾಗಿ ಕಟ್ಟಿದವು. ಸುಮಾರು ಎರಡೂವರೆ ಸಾವಿರ ವರ್ಷದ ಹಿಂದಿನವು, ಶಿಲಾಯುಗ ಮುಗಿದು ಕಬ್ಬಿಣ ಬಂದ ಕಾಲದವು. ಎಲ್ಲಾ ಸೇರಿ 400ರಷ್ಟು. ಮುಂದೆ ಸುರಪುರದಲ್ಲಿ ಹೆಸರು ಮಾಡಿದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲೇ ಇದರ ಬಗ್ಗೆ ಬರೆದಿಟ್ಟ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೂ ನಾವು ಹೋದ ದಿನ ಆ ಗುಡ್ಡದ ಮೇಲೆ ನಾವು ಮೂವರು, ಅಜ್ಜ, ಮತ್ತು ಇಪ್ಪತ್ತು ಕುರಿ.

ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ನಾನು ಒಂದರ ಅಂಚು ಕೈಯಿಂದ ಸವರಿ ನೋಡಿದೆ. ಗ್ರಾನೈಟ್ ಕಲ್ಲು, ಆದರೆ ಒರಳಿನ ಒಳಗಿನ ಹಾಗೆ ನುಣುಪು. ಕಿಂಡಿಗೆ ಮುಖ ಕೊಟ್ಟರೆ ಒಳಗಿನಿಂದ ತಣ್ಣನೆ ಗಾಳಿ. ಒಂದು ಓತಿಕ್ಯಾತ ನನ್ನನ್ನೇ ನೋಡುತ್ತಾ ಕೂತಿತ್ತು. "ಇದನ್ನ ಯಾರು ಕಟ್ಟಿದ್ರು ಅಜ್ಜಾರ?" ಅಂದೆ. "ಮೋರ್ಯರು ಯವ್ವಾ. ಗಿಡ್ಡ ಮಂದಿ. ಅದಕ್ಕ ಕಿಂಡಿ ಇಷ್ಟ ಇಟ್ಟಾರ" ಅಂದರು. ಊರವರ ಬಾಯಲ್ಲಿ ಇದು ಮೋರ್ಯರ ಗುಡ್ಡ. ಪುಸ್ತಕದ ಮಾತು ಬೇರೆ ಇರಬಹುದು. ಆದರೆ ಆ ಕಿಂಡಿ ಎದುರು ಕೂತಾಗ ಅಜ್ಜನ ಮಾತೇ ಸರಿ ಅನ್ನಿಸುತ್ತದೆ.

ಪಕ್ಕದಲ್ಲೊಂದು ಹೊಂಡ, ಚಪ್ಪಡಿ ಎಬ್ಬಿಸಿದ ಜಾಗದಲ್ಲೇ ನೀರು ನಿಂತದ್ದು. ಇನ್ನೊಂದು ಕಡೆ ದೊಡ್ಡ ಬಂಡೆ ತಲೆಯ ಮೇಲೆ ನಗಾರಿ ಆಕಾರದ ಕಲ್ಲು. ಹೊಡೆದರೆ ನಗಾರಿಯ ಹಾಗೇ ಸದ್ದು ದೂರ ಹೋಗುತ್ತದಂತೆ. ನಾವು ಹತ್ತಲಿಲ್ಲ, ಹೊಡೆಯಲೂ ಇಲ್ಲ, ನೀವೂ ಹೊಡೆಯಬೇಡಿ. ಬಂಡೆಗಳ ಮಗ್ಗುಲಲ್ಲಿ ಕೆಮ್ಮಣ್ಣಿನಲ್ಲಿ ಬರೆದ ಚಿತ್ರಗಳೂ ಇವೆ. ಮೈದುನ ಆಗಲೇ ಮಾತು ನಿಲ್ಲಿಸಿದ್ದ. ಫೋಟೋ ತೆಗೆಯುವುದನ್ನೂ ನಿಲ್ಲಿಸಿದ್ದ. ಅವನ ಮಟ್ಟಿಗೆ ಅದು ದೊಡ್ಡ ಮಾತು.

ಆದರೆ ನನ್ನ ಅಳತೆಯಲ್ಲಿ ಹಿರೇಬೆಣಕಲ್ ಸೋತಿತು. ಮರದ ನೆರಳಿಲ್ಲ. ತಂದಿದ್ದ ಎರಡು ಬಾಟಲಿ ನೀರು ಮೇಲೆ ಮುಟ್ಟುವ ಮೊದಲೇ ಖಾಲಿ. ಕಡಕ್ ರೊಟ್ಟಿ, ಒಣ ಗುರೆಳ್ಳು ಚಟ್ನಿ ತಂದಿದ್ದೆ, ಬಾಯಾರಿದವರಿಗೆ ಅದಕ್ಕಿಂತ ಶಿಕ್ಷೆ ಇಲ್ಲ. ಅಜ್ಜ ತಮ್ಮ ಬಾಟಲಿ ಕೊಟ್ಟರು. ಸಂಕೋಚಪಡುತ್ತಲೇ ಕುಡಿದೆವು, ಅವರಿಗೆ ರೊಟ್ಟಿ ಕೊಟ್ಟೆವು. ಮರಳಿ ಬಂದ ಮೇಲೆ ಎರಡು ದಿನ ನನ್ನ ಮೀನಖಂಡ ನನ್ನ ಮಾತು ಕೇಳಲಿಲ್ಲ.

ಮೂರನೆಯದು ಇಟಗಿ. ದಾರಿಯಲ್ಲಿ ಕುಕನೂರಿನ ನವಲಿಂಗ ಗುಡಿಗೆ ಹಣಿಕಿ ಹಾಕಿದೆವು. ರಾಷ್ಟ್ರಕೂಟರ ಕಾಲದ್ದು, ಒಂದೇ ಕಡೆ ಒಂಬತ್ತು ಲಿಂಗದ ಗುಡಿಗಳು. ಅದರದ್ದೇ ಒಂದು ಕಥೆ ಬರೆಯಬೇಕು, ಈಗ ಬೇಡ. ಅಲ್ಲಿಂದ ಏಳೆಂಟು ಕಿಲೋಮೀಟರ್ ಎರೆ ಹೊಲದ ನಡುವಿನ ದಾರಿ. ಕಡಲೆ ಕೀಳುತ್ತಿದ್ದ ಹೆಂಗಸರು ಕಾರು ನಿಲ್ಲಿಸಿದ್ದು ನೋಡಿ ಒಂದು ಹಿಡಿ ಸುಲಗಾಯಿ ಅತ್ತೆಯ ಮಡಿಲಿಗೆ ಹಾಕಿದರು. ದುಡ್ಡು ಕೊಡಹೋದರೆ ಬೈದರು.

ಇಟಗಿ ಮಹಾದೇವ ಗುಡಿ ದೂರದಿಂದ ಏನೂ ಅನ್ನಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಯಲಲ್ಲಿ ಒಂದು ಗುಡಿ, ಅಷ್ಟೇ. ಅಂಗ್ಕೋರ್ ನೋಡಿ ಬಂದ ಮೈದುನ "ಇಷ್ಟನಾ?" ಅಂದೇಬಿಟ್ಟ. ಹತ್ತಿರ ಹೋಗು ಅಂದೆ.

ಇದನ್ನು ಕಟ್ಟಿಸಿದ್ದು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, 1112ರಲ್ಲಿ. ಶಾಸನದಲ್ಲಿ ಇದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಸುತ್ತ 13 ಚಿಕ್ಕ ಗುಡಿಗಳು, ಒಂದೊಂದರಲ್ಲಿ ಒಂದೊಂದು ಲಿಂಗ. ಅಪ್ಪ-ಅವ್ವನ ಹೆಸರಲ್ಲೂ ದಂಡನಾಯಕ ಗುಡಿ ಕಟ್ಟಿಸಿದ್ದಾನೆ, ಮೂರ್ತಿನಾರಾಯಣ ಮತ್ತು ಚಂದ್ರಲೇಶ್ವರಿ. ಇದನ್ನು ಕೇಳಿ ಅತ್ತೆ ಮಗನ ಕಡೆ ಒಮ್ಮೆ ನೋಡಿದರು. ಕಾಂಬೋಡಿಯಾದಿಂದ ಅವ್ವನಿಗೆ ಅವನು ತಂದಿದ್ದು ಒಂದು ಫ್ರಿಜ್ ಮ್ಯಾಗ್ನೆಟ್.

ನನ್ನ ಬತ್ತಳಿಕೆಯ ಬಾಣ ಅಲ್ಲಿ ಬಿಟ್ಟೆ. ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದೇ 1113ರಲ್ಲಿ. ಅಂದರೆ ಅವನು ಸಿಂಹಾಸನ ಹತ್ತುವ ಮೊದಲೇ ಇಲ್ಲಿ ಈ ಗುಡಿ ಎದ್ದಿತ್ತು. ಗಾತ್ರದಲ್ಲಿ ಹೋಲಿಸಿದರೆ ಆನೆ-ಇರುವೆ, ಅದು ಸರಿ. ಆದರೆ ಬಾಗಿಲ ಪಟ್ಟಿ ನೋಡು, ತೋರಣದ ಬಳ್ಳಿ ನೋಡು, ಶಿಖರದ ಕೀರ್ತಿಮುಖಗಳನ್ನು ನೋಡು ಅಂದೆ. ಬಳಪದ ಕಲ್ಲು ಇದು, ಉಳಿಗೆ ಮೆತ್ತಗೆ ಒಗ್ಗುತ್ತದೆ. ಅದಕ್ಕೇ ಇಷ್ಟು ಸಣ್ಣ ಕೆಲಸ ಸಾಧ್ಯವಾಗಿದೆ. ಮೈದುನ ಒಂದು ತೋರಣದ ಕೆಳಗೆ ಎಷ್ಟು ಹೊತ್ತು ಕತ್ತೆತ್ತಿ ನಿಂತನೆಂದರೆ, ನಮ್ಮ ಮನೆಯವರು ಹೋಗಿ ಭುಜ ತಟ್ಟಿದರು.

ಆಮೇಲೆ ಆ ತೆರೆದ ಮಂಟಪ. ಮೊದಲು 68 ಕಂಬ ಇದ್ದವಂತೆ. ಕುಂಬಾರ ತಿಗರಿ ಮೇಲೆ ಮಡಕೆ ತಿರುವಿದ ಹಾಗೆ ಕಲ್ಲನ್ನು ತಿರುಗಣಿಗೆ ಕೊಟ್ಟು ಮಾಡಿದ ಕಂಬಗಳು. ಅಂಚಿಗೆ ಒರಗಿ ಕೂರಲು ಕಲ್ಲಿನ ಕಟ್ಟೆ. ಹೊರಗೆ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು, ಒಳಗೆ ಕಲ್ಲು ತಣ್ಣಗೆ. ಅತ್ತೆ ಕಟ್ಟೆ ಮೇಲೆ ಕಾಲು ಚಾಚಿ, ಕಂಬಕ್ಕೆ ಬೆನ್ನು ಕೊಟ್ಟು, ಸೆರಗಿನಿಂದ ಕಂಬ ಒರೆಸಿ ನೋಡಿದರು. "ಏ, ನನ್ನ ಮಾರಿ ಕಾಣತೈತಿ ನೋಡಿಲ್ಲೆ!" ನಿಜ, ಮಸುಕಾಗಿ ಕಾಣುತ್ತಿತ್ತು, ಕುಂಕುಮದ ಸಮೇತ.

ಕೊರತೆ ಇಲ್ಲ ಅಂತಲ್ಲ. ನಾವು ಹೋದ ದಿನ ಗುಡಿ ಎದುರು ಚಹಾ ಕೂಡ ಸಿಗಲಿಲ್ಲ, ಕುಕನೂರಿಗೇ ಮರಳಬೇಕಾಯಿತು. ವಿವರ ಹೇಳುವವರೂ ಯಾರೂ ಇರಲಿಲ್ಲ. ಬಸ್ಸಿಗೆ ಬರುವವರು ಮರಳುವ ಬಸ್ಸಿನ ಹೊತ್ತು ಕುಕನೂರು ನಿಲ್ದಾಣದಲ್ಲೇ ವಿಚಾರಿಸಿಕೊಳ್ಳಿ. ಬುತ್ತಿ ಬಿಚ್ಚಿದ್ದು ಆವರಣದ ಹೊರಗೆ ಬೇವಿನ ಮರದ ಕೆಳಗೆ: ಬಿಸಿ ಆರದ ಮೆತ್ತನೆ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಜೊತೆಗೆ ಆ ಸುಲಗಾಯಿ. ಯಾರೂ ಎಬ್ಬಿಸಲಿಲ್ಲ. ಮಂಗಗಳೂ ಬರಲಿಲ್ಲ.

ಹಾಗಾಗಿ ನನ್ನ ಓಟು ಇಟಗಿಗೆ. ಮನೆಯಲ್ಲಿ ವಯಸ್ಸಾದವರಿದ್ದರೆ ಎರಡನೇ ಯೋಚನೆಯೇ ಬೇಡ. ಮೊದಲ ಸಲ ಈ ಕಡೆ ಬರುವವರು, ಮಕ್ಕಳು ಜೊತೆಗಿದ್ದವರು ಆನೆಗೊಂದಿಗೆ ಹೋಗಿ, ವಾರದ ನಡುವೆ ಹೋಗಿ, ಕೋಣೆಗೆ ಮುಂಗಡ ಕೊಡುವ ಮೊದಲು ಫೋನಿನಲ್ಲಿ ಎರಡು ಸಲ ಕೇಳಿ. ಹಿರೇಬೆಣಕಲ್‌ಗೆ ಗಟ್ಟಿ ಕಾಲಿನವರು ಸಂಕ್ರಾಂತಿಗೆ ಮುಂಚೆ, ಬೆಳಿಗ್ಗೆ ಆರಕ್ಕೇ ಹತ್ತಬೇಕು, ಊರಿನ ಯಾರನ್ನಾದರೂ ಕರೆದುಕೊಂಡೇ ಹತ್ತಬೇಕು. ನಾವು ಹೋದದ್ದು ಜಾತ್ರೆಯಾದ ಮೇಲೆ, ಹತ್ತು ಗಂಟೆಗೆ. ಅದು ನಮ್ಮ ದಡ್ಡತನ, ಗುಡ್ಡದ ತಪ್ಪಲ್ಲ.

ಮೈದುನನ ಓಟು ಮಾತ್ರ ಹಿರೇಬೆಣಕಲ್‌ಗೆ. ಬೆಂಗಳೂರಿಗೆ ಹೋಗಿ ಅಲ್ಲಿಂದ ಫೋನ್ ಮಾಡಿ ಮತ್ತೆ ವಾದಿಸಿದ. ಮುಂದಿನ ಡಿಸೆಂಬರಿಗೆ ಗೆಳೆಯರನ್ನು ಕರೆದುಕೊಂಡು ಬರುತ್ತಾನಂತೆ. ಬಾ ಅಂದೆ. ಐದು ಲೀಟರಿನ ನೀರಿನ ಕ್ಯಾನು ಎರಡು ತೆಗೆದಿಟ್ಟಿದ್ದೇನೆ, ಹೊರುವವನು ಅವನೇ.