ಇಸಿಡಿಐ 2030: ಸಂಶೋಧಕರ ಕೈಗೆ ಇಪ್ಪತ್ತು ಪ್ರಶ್ನೆಗಳ ಅಳತೆಗೋಲು

ಎಳೆಯ ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡುವವರು ಸಾಮಾನ್ಯವಾಗಿ ಒಂದೊಂದು ಮಗುವಿನ ಎದುರು ಕುಳಿತು ದೀರ್ಘ ಪರೀಕ್ಷೆಗಳನ್ನು ನಡೆಸುತ್ತ ವೃತ್ತಿಗೆ ಕಾಲಿಡುತ್ತಾರೆ. ಆರೋಗ್ಯ, ಶಿಕ್ಷಣ, ಸಮಾಜ ಕಲ್ಯಾಣದ ವ್ಯವಸ್ಥೆಗಳು ಹೇಗೆ ಬದಲಾಗಬೇಕು ಎಂಬ ಪ್ರಶ್ನೆ ಎದುರಾದಾಗ ಆ ಪರೀಕ್ಷೆಗಳು ಸಾಲದಾಗುತ್ತವೆ. ಅದೇ ದಾರಿಯಲ್ಲಿ ನಡೆದ ನನಗೆ ಯುನಿಸೆಫ್ 2020ರಲ್ಲಿ ಹೊರತಂದ ಇಸಿಡಿಐ 2030 (ಎಳೆಯ ಮಕ್ಕಳ ಬೆಳವಣಿಗೆಯ ಸೂಚ್ಯಂಕ) ಪ್ರಶ್ನಾವಳಿ ನಿಜವಾಗಿಯೂ ಬೆಲೆಯುಳ್ಳ ಸಾಧನವೆನಿಸಿದೆ.

24ರಿಂದ 59 ತಿಂಗಳ ಮಗುವಿನ ಬಗ್ಗೆ ತಾಯಿಯನ್ನು ಅಥವಾ ಮುಖ್ಯ ಪಾಲಕರನ್ನು ಇದರಲ್ಲಿ 20 ಪ್ರಶ್ನೆ ಕೇಳಲಾಗುತ್ತದೆ. ಏರುತಗ್ಗಿನ ನೆಲದಲ್ಲಿ ಬೀಳದೆ ನಡೆಯುವುದು, ತಾನೇ ಬಟ್ಟೆ ಹಾಕಿಕೊಳ್ಳುವುದು, ಹತ್ತು ವಸ್ತುಗಳನ್ನು ಎಣಿಸುವುದು, ಕಣ್ಣೆದುರು ಇಲ್ಲದ ಆಪ್ತರನ್ನು ನೆನೆದು ಕೇಳುವುದು, ಹೀಗೆ ಪ್ರತಿಯೊಂದೂ ಪಾಲಕರು ದಿನವೂ ಕಾಣುವ ಸಂಗತಿಯೇ ಆಗಿರುವುದರಿಂದ ಉತ್ತರಿಸಲು ಅವರು ತಡವರಿಸಬೇಕಾಗಿಲ್ಲ. ಇದಕ್ಕೂ ಹಿಂದಿನ ಸೂಚ್ಯಂಕದಲ್ಲಿ 10 ಪ್ರಶ್ನೆಗಳಿದ್ದವು. ಮೂರು ವರ್ಷದ ಮಗುವನ್ನೂ ನಾಲ್ಕು ದಾಟಿದ ಮಗುವನ್ನೂ ಅದು ಒಂದೇ ಮಾನದಂಡದಿಂದ ಅಳೆಯುತ್ತಿತ್ತು. ಈಗ 24ರಿಂದ 29 ತಿಂಗಳ ಮಗು ಈ 20ರಲ್ಲಿ ಕನಿಷ್ಠ 7 ಮೈಲಿಗಲ್ಲುಗಳನ್ನೂ 48 ತಿಂಗಳು ತುಂಬಿದ ಮಗು ಕನಿಷ್ಠ 15ನ್ನೂ ತಲುಪಿರಬೇಕು. ಈ ತಿದ್ದುಪಡಿಯೊಂದೇ ಹೊಸ ಸಾಧನವನ್ನು ಒಪ್ಪಿಕೊಳ್ಳಲು ನನಗೆ ಸಾಕಾದ ಕಾರಣ.

ಅನುವಾದದಲ್ಲಿ ಮಾತ್ರ ಅವಸರ ಸಲ್ಲದು. 'ನಾನು', 'ನೀನು' ಮುಂತಾದ ಸರ್ವನಾಮಗಳನ್ನು ಮಗು ಸರಿಯಾಗಿ ಬಳಸುತ್ತದೆಯೇ ಎಂಬುದು ಒಂದು ಪ್ರಶ್ನೆ. ಆದರೆ ಕ್ರಿಯಾಪದವೇ ಕರ್ತೃವನ್ನು ಸೂಚಿಸುವ ಭಾಷೆಗಳಲ್ಲಿ ದೊಡ್ಡವರೂ ಸರ್ವನಾಮವನ್ನು ಆಗಾಗ ಬಿಟ್ಟೇ ಮಾತನಾಡುತ್ತಾರೆ. ಅಂಥ ಕಡೆ ಸಮೀಕ್ಷಕರಿಗೆ ಉದಾಹರಣೆಗಳೊಂದಿಗೆ ತರಬೇತಿ ಕೊಡದಿದ್ದರೆ ಉತ್ತರವನ್ನು ನೆಚ್ಚುವುದು ಕಷ್ಟ.

ಇದರ ಮುಖ್ಯ ಮಿತಿ ಫಲಿತಾಂಶದ ಸ್ವರೂಪದಲ್ಲಿದೆ. ಆರೋಗ್ಯ, ಕಲಿಕೆ, ಮನೋಸಾಮಾಜಿಕ ಕ್ಷೇಮ ಎಂಬ ಮೂರು ಕ್ಷೇತ್ರಗಳನ್ನು ಪ್ರಶ್ನೆಗಳು ಮುಟ್ಟಿದರೂ ಪ್ರತಿ ಕ್ಷೇತ್ರಕ್ಕೆ ಬೇರೆ ಅಂಕ ಸಿಗುವುದಿಲ್ಲ. ವಯಸ್ಸಿಗೆ ತಕ್ಕ ಬೆಳವಣಿಗೆ ಇರುವ ಮಕ್ಕಳ ಒಟ್ಟು ಪ್ರಮಾಣವಷ್ಟೇ ಸಿಗುತ್ತದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಎಳೆಯ ಮಕ್ಕಳ ಬೆಳವಣಿಗೆಯನ್ನು ಅಳೆಯುವ 4.2.1 ಸೂಚಕಕ್ಕೆ ಬೇಕಾದದ್ದೂ ಅಷ್ಟೇ. ಯಾವ ಇಲಾಖೆ ಎಲ್ಲಿ ಎಡವಿದೆ ಎಂದು ತಿಳಿಯಬಯಸುವ ಸಂಶೋಧಕರು ಈ ಪ್ರಶ್ನಾವಳಿಯನ್ನು ಒಳಗೊಂಡ ಮನೆ-ಮನೆ ಸಮೀಕ್ಷೆಯ ಇತರ ಭಾಗಗಳನ್ನೂ, ಅಂದರೆ ಮನೆಯಲ್ಲಿ ಪುಸ್ತಕ, ಆಟಿಕೆಗಳಿವೆಯೇ, ಮಗುವನ್ನು ಒಂಟಿಯಾಗಿ ಬಿಡಲಾಗುತ್ತದೆಯೇ, ಶಿಸ್ತಿನ ಹೆಸರಿನಲ್ಲಿ ಹೊಡೆಯಲಾಗುತ್ತದೆಯೇ ಎಂಬ ಮಾಹಿತಿಯನ್ನೂ, ಜೊತೆಗಿಟ್ಟು ಓದಬೇಕು. ವ್ಯವಸ್ಥೆಯ ಬದಲಾವಣೆಯ ಕುರಿತ ಅಧ್ಯಯನಕ್ಕೆ ಇದರಿಂದ ದೊರೆಯುವ ನೆರವು ಈ ಜೋಡಣೆಯಲ್ಲಿಯೇ ಇದೆ.

ಒಂದು ಮಗುವಿಗೆ ತೊಂದರೆ ಇದೆಯೇ ಎಂದು ನಿರ್ಧರಿಸಲು ಇದನ್ನು ದಯವಿಟ್ಟು ಬಳಸಬೇಡಿ. ಇದನ್ನು ರೂಪಿಸಿದ್ದು ಜನಸಮುದಾಯದ ಮಟ್ಟದ ಅಳತೆಗಾಗಿ. ಎರಡು ವರ್ಷದೊಳಗಿನ ಮಕ್ಕಳನ್ನು ಅಧ್ಯಯನ ಮಾಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಿಡುಗಡೆ ಮಾಡಿದ, ಹುಟ್ಟಿನಿಂದ 36 ತಿಂಗಳವರೆಗಿನ ಬೆಳವಣಿಗೆಯನ್ನು ಅಳೆಯುವ ಜಿಎಸ್‌ಇಡಿ ಮಾಪಕಗಳು ಹೊಂದುತ್ತವೆ.